ಶಾರದಮ್ಮ ಟೀಚರ್ ಉತ್ತರ ಹೇಳಿದ ದಿನ

ಶಾರದಮ್ಮ ಟೀಚರನ್ನು "ಟೈಮ್ ಎಷ್ಟಾಯ್ತು" ಎಂದು ಕೇಳಿ ನೋಡಿ. "ನಿಮಗೆ ಎಷ್ಟಾಗಿರ್ಬೌದು ಅನ್ನಿಸ್ತೈತೆ?" ಎನ್ನುತ್ತಾರೆ. ಇದರಿಂದ ಬಸ್ಸು ತಪ್ಪಿಸಿಕೊಂಡವರಿದ್ದಾರೆ, ನಾನೂ ಅವರಲ್ಲಿ ಒಬ್ಬ.

ಮೊಳಕಾಲ್ಮುರು, ಚಳ್ಳಕೆರೆ ಎರಡೂ ತಾಲ್ಲೂಕಿನ ಪ್ರಾಥಮಿಕ ಶಾಲೆಗಳ ಮೇಷ್ಟ್ರುಗಳಿಗೆ, ಮಕ್ಕಳ ಜೊತೆ ನೆಲದ ಮೇಲೆ ಕೂತು ಯೋಚನೆಯ ಮಾತಾಡುವುದು ಹೇಗೆ ಎಂದು ಕಲಿಸುವುದು ಅವರ ಕೆಲಸ. ಯಾವುದು ನ್ಯಾಯ, ಯಾವುದು ನಿಜ, ಗೆಳೆಯ ಅಂದರೆ ಯಾರು, ಇಂಥವು. ಪುಸ್ತಕದಲ್ಲಿ ಉತ್ತರ ಇಲ್ಲದ ಪ್ರಶ್ನೆಗಳು. ಮಕ್ಕಳು ಅದನ್ನು ಶನಿವಾರದ ಮಾತಿನ ಪಿರಿಯಡ್ ಎನ್ನುತ್ತಾರೆ. ಆ ತರಬೇತಿಯಲ್ಲಿ ಶಾರದಮ್ಮನವರಿಗೆ ಜೋಡಿಯಾಗಿ ನನ್ನನ್ನು ಹಾಕಿದ್ದರು. ಬಾಯಿ ತೆರೆದರೆ ಮುಚ್ಚದವನು ನಾನು. ಬಾಯಿ ತೆರೆಯಲು ಲೆಕ್ಕ ಹಾಕುವವರು ಅವರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆಯೇ ನಾಲ್ಕು ವರ್ಷ ನಡೆಯಿತು.

ಅವರು ಸಿದ್ದಾಪುರದವರು. ಅಪ್ಪನಿಗೆ ಬಂಡೆಗಳ ಮಧ್ಯೆ ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ಹಳೆಗಾಲದ ರಾಜನೊಬ್ಬ ಬಂಡೆಯ ಮೇಲೆ ಬರೆಸಿದ ಶಾಸನ ಇರುವ ಗುಡ್ಡದ ಬುಡದಲ್ಲಿ ಕುರಿ ಬಿಟ್ಟು ಶಾಲೆಗೆ ಓಡುತ್ತಿದ್ದ ಹುಡುಗಿ. ಒಂದು ದಿನ ಮೇಷ್ಟ್ರು, ತಂದೆತಾಯಿಗಳ ಮಾತು ಕೇಳಬೇಕು ಎಂದು ಆ ಬಂಡೆಯ ಮೇಲೆ ಬರೆದಿದೆ ಎಂದರಂತೆ. ಹುಡುಗಿ ಎದ್ದು ನಿಂತು, "ಅಪ್ಪ ಒಂದು, ಅವ್ವ ಒಂದು ಹೇಳಿದ್ರೆ ಸಾರ್?" ಎಂದಳು. ಬೆತ್ತದ ಏಟು ಬಿತ್ತು. ಈ ಕತೆಯನ್ನು ಹೇಳುವಾಗಲೆಲ್ಲ ಶಾರದಮ್ಮ ನಗುತ್ತಿದ್ದರು. "ಏಟು ಮರ್ತೋತು ಮೇಷ್ಟ್ರೇ. ಪ್ರಶ್ನೆ ಮಾತ್ರ ಇನ್ನೂ ಅಲ್ಲೇ ಐತೆ."

ಬಿ.ಜಿ. ಕೆರೆಯಲ್ಲಿ ಮನೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಗಳು ಹಿರಿಯೂರಿನಲ್ಲಿ ನರ್ಸು. ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗ ನಡೆದ ಸಂಗತಿ ಇದು.

ಅದಕ್ಕೆ ಮೊದಲು ಅವರ ಶೇಂಗಾ ಕಟ್ಟಳೆ ಹೇಳಬೇಕು. ತರಬೇತಿಗೆ ಬಂದ ಪ್ರತಿ ಮೇಷ್ಟ್ರ ಕೈಗೆ ಅವರು ಒಂದು ಹಿಡಿ ಶೇಂಗಾ ಕೊಡುತ್ತಿದ್ದರು. ಮಕ್ಕಳ ಸುತ್ತಿನಲ್ಲಿ ಕೂತಾಗ ಮೇಷ್ಟ್ರು ಪ್ರಶ್ನೆ ಮಾತ್ರ ಕೇಳಬೇಕು. ಉತ್ತರ ಹೇಳಿದರೆ, "ಸರಿ" ಎಂದರೆ, "ತಪ್ಪು" ಎಂದರೆ, "ವೆರಿ ಗುಡ್" ಎಂದರೂ ಒಂದು ಶೇಂಗಾ ಮಕ್ಕಳಿಗೆ ಹೋಗುತ್ತದೆ. ಮೊದಲ ದಿನ ನನ್ನ ಕೈ ಹಾಜರಿ ಮುಗಿಯುವಷ್ಟರಲ್ಲೇ ಖಾಲಿ. ಮಕ್ಕಳಿಗೂ ಒಂದು ಕಟ್ಟಳೆ ಇತ್ತು. ಇನ್ನೂ ಯೋಚನೆ ಮಾಡುತ್ತಿದ್ದೇನೆ, ಈಗ ಹೇಳುವುದಿಲ್ಲ ಎನ್ನುವ ಮಗು ಮುಷ್ಟಿ ಬಿಗಿಹಿಡಿದು ಎದೆಗೆ ಇಟ್ಟುಕೊಂಡರೆ ಸಾಕು. ಆಮೇಲೆ ಅದನ್ನು ಯಾರೂ ಬಲವಂತ ಮಾಡುವಂತಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರದು ಕೆಟ್ಟ ಸಿಟ್ಟು. ಅಧಿಕಾರಿಗಳು ನೋಡಲು ಬರುತ್ತಾರೆಂದು ಒಬ್ಬ ಮೇಷ್ಟ್ರು ಮಕ್ಕಳಿಗೆ ಮೊದಲೇ ಮಾತುಗಳನ್ನು ಉರುಹೊಡೆಸಿ ತಂದಿದ್ದ. ಚಂದದ ಮಾತು, ಚಪ್ಪಾಳೆಯೂ ಬಿತ್ತು. ಶಾರದಮ್ಮ ಅವನನ್ನು ಎಲ್ಲರೆದುರು ತರಬೇತಿಯಿಂದ ಎಬ್ಬಿಸಿ ಕಳಿಸಿದರು. "ಮಗೂನ ಬಾಯಿಗೆ ನಿನ್ನ ಮಾತಿಟ್ರೆ ನಾಳೆ ಯಾವ ಮಗೂನ ಮಾತನ್ನ ಯಾರು ನಂಬ್ತಾರಪ್ಪ?" ಎಂದರು. ಆ ಮೇಷ್ಟ್ರು ಇವತ್ತಿಗೂ ಅವರನ್ನು ಕಂಡರೆ ರಸ್ತೆ ದಾಟುತ್ತಾನೆ.

ಇನ್ನು ಆಶಾ. ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನಲ್ಲಿ ಒಂದು ಹಟ್ಟಿ, ಹೆಸರು ಬೇಡ, ಅಲ್ಲಿಯವರು ನನಗೆ ಬೇಕಾದವರು. ದಾವಣಗೆರೆ ಕಡೆಯ ಈ ಹುಡುಗಿಗೆ ಮೊದಲ ನೌಕರಿ ಅಲ್ಲಿಯ ಶಾಲೆಯಲ್ಲಿ. ನಮ್ಮ ತರಬೇತಿಯಲ್ಲಿ ಅವಳಷ್ಟು ಬೇಗ ಬಾಯಿ ಮುಚ್ಚಲು ಕಲಿತವರು ಯಾರೂ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಶೇಂಗಾ ಅವಳ ಕೈಯಲ್ಲೇ ಉಳಿಯುತ್ತಿತ್ತು. ಶಾರದಮ್ಮ ತಿಂಗಳಿಗೊಮ್ಮೆ ಹೋಗಿ ಅಲ್ಲಿಯ ಸುತ್ತಿನಲ್ಲಿ ಕೂತು ಬರುವರು. ಮಕ್ಕಳಿಗೆ ಇವರು "ದೊಡ್ಡ ಮಿಸ್" ಆಗಿಬಿಟ್ಟಿದ್ದರು.

ಆದರೆ ನಮ್ಮ ಮೇಷ್ಟ್ರುಗಳಿಗೆ ಒಂದು ರೋಗವಿದೆ. ಗಿಡ ನೆಟ್ಟರೆ ಫೋಟೋ, ಮೊಟ್ಟೆ ಕೊಟ್ಟರೆ ಫೋಟೋ, ಕೈ ತೊಳೆಸಿದರೂ ಫೋಟೋ. ಮೇಲಿನವರು ಕೇಳುವ ಮೊದಲೇ ಗ್ರೂಪಿಗೆ ಹಾಕಿಬಿಡುವುದು ಬೆರಳಿಗೆ ಅಂಟಿದ ಚಾಳಿ. ಸುತ್ತಿನೊಳಗೆ ಫೋನ್ ಬೇಡ ಎಂದು ಶಾರದಮ್ಮ ಹೇಳಿ ಹೇಳಿ ಸೋತಿದ್ದರು. ಆ ಶನಿವಾರ ಮಕ್ಕಳು ಅಷ್ಟು ಚೆನ್ನಾಗಿ ಮಾತಾಡಿದರೆಂದು ಆಶಾಗೆ ತಡೆಯಲಾಗಲಿಲ್ಲ. ಫೋನನ್ನು ಕಿಟಕಿಯಲ್ಲಿ ಒರಗಿಸಿ ವಿಡಿಯೋ ಮಾಡಿದಳು, ತಾಲ್ಲೂಕಿನ ಮೇಷ್ಟ್ರುಗಳ ಗ್ರೂಪಿಗೆ ಹಾಕಿದಳು. ಆ ಗ್ರೂಪಿನಲ್ಲಿ ಹಟ್ಟಿಯ ರೈತ ಉಗ್ರಪ್ಪನ ತಂಗಿಯ ಗಂಡನೂ ಇದ್ದ, ಅವನೂ ಒಬ್ಬ ಮೇಷ್ಟ್ರು.

ವಿಡಿಯೋದಲ್ಲಿ ದೇವರ ಎತ್ತುಗಳ ಬಗ್ಗೆ ಪ್ರಶ್ನೆ ಕೇಳಿದ್ದು ರೂಪ. ಐದನೇ ಕ್ಲಾಸು. ಅವಳಪ್ಪ ಪಾಲಣ್ಣ ಆ ಹಟ್ಟಿಯ ಕಿಲಾರಿ, ಎಂದರೆ ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವವನು. ಆ ಎತ್ತುಗಳಿಗೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮನೆಯವರು ಸತ್ತ ಹಾಗೆ ಮಣ್ಣು ಮಾಡುತ್ತಾರೆ. ಕಿಲಾರಿತನ ಸಂಬಳದ ಕೆಲಸವಲ್ಲ, ಅಪ್ಪನಿಂದ ಮಗನಿಗೆ ಬರುವುದು. ಚಪ್ಪಲಿ ಮೆಟ್ಟದೆ, ಕೋಲು ಹಿಡಿದು, ಎತ್ತಿನ ಹಿಂದೆ ಬದುಕು ಸವೆಸುವುದು. ಎತ್ತುಗಳು ಯಾರದಾದರೂ ಹೊಲಕ್ಕೆ ನುಗ್ಗಿದರೆ ಆ ಹಟ್ಟಿಯಲ್ಲಿ ಯಾರೂ ಓಡಿಸುವುದಿಲ್ಲ, ದೇವರು ಬಂದು ಉಂಡು ಹೋದ ಎನ್ನುತ್ತಾರೆ. ಆದರೆ ಅವು ತಾವಾಗಿಯೇ ಬಂದಿರಬೇಕು. ಕಿಲಾರಿ ಹೊಡೆದುಕೊಂಡು ಬಂದು ಬಿಟ್ಟರೆ ಅದು ದೇವರ ಊಟವಲ್ಲ, ಮನುಷ್ಯನ ಕಳ್ಳತನ. ಅಂಥ ಕಿಲಾರಿಯ ಕೈಯಿಂದ ಕೋಲು ಕಿತ್ತುಕೊಳ್ಳುತ್ತಾರೆ. ಕಿತ್ತುಕೊಂಡ ಕೋಲು ಆ ಮನೆಗೆ ಮತ್ತೆ ಬರುವುದಿಲ್ಲ.

ಆ ವರ್ಷ ಉಗ್ರಪ್ಪನ ಶೇಂಗಾ ಹೊಲವನ್ನು ಎತ್ತುಗಳು ಮತ್ತೆ ಮತ್ತೆ ಮೇದಿದ್ದವು. ಅವನು ಹಲ್ಲು ಕಚ್ಚಿ ಸುಮ್ಮನಿದ್ದ. ವಿಡಿಯೋ ನೋಡಿದ ಮೇಲೆ ಸುಮ್ಮನಿರಲಿಲ್ಲ.

ಭಾನುವಾರ ಬೆಳಿಗ್ಗೆ ಆಶಾ ಶಾರದಮ್ಮನಿಗೆ ಫೋನ್ ಮಾಡಿದಳು. ತರಬೇತಿಯ ಕೆಲಸಕ್ಕೆಂದು ಅವರ ಮನೆಗೆ ಹೋಗಿದ್ದ ನನಗೂ ಅವಳ ಧ್ವನಿ ಕೇಳುತ್ತಿತ್ತು.

"ಟೀಚರ್, ಎತ್ತಿನ ರೊಪ್ಪದ ಹತ್ರ ಎಲ್ಲಾ ಸೇರ್ತಿದಾರೆ. ರೂಪನ್ನ ಕರೆಸಿ, ಎತ್ತು ಮುಟ್ಟಿಸಿ ಕೇಳ್ತಾರಂತೆ, ನಿಮ್ಮಪ್ಪ ಹೊಡ್ಕೊಂಡು ಹೋಗಿದ್ದು ಕಂಡ್ಯಾ ಅಂತ. ಎಲ್ಲಾ ನನ್ನಿಂದ ಆಗಿದ್ದು."

"ಅಳ್ಬ್ಯಾಡ. ಮಗೂನ ಜೊತೀಗೆ ಇರು. ಬರ್ತೀವಿ."

ನನ್ನ ಬೈಕಿನ ಹಿಂದೆ ಕೂತರು. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಮಗು ಏನೋ ಬಾಯಿಗೆ ಬಂದದ್ದು ಕೇಳಿದೆ ಎಂದು ಹೇಳಿ ಮುಗಿಸಿಬಿಡೋಣ ಎಂದೆ. ಈಚೆಗೆ ಸರ್ಕಾರ ಕಾವಲಿನ ಸುತ್ತ ಕಟ್ಟಿಸಿದ ಗೋಡೆ ಪಕ್ಕದಲ್ಲಿ ಮೈಲಿಗಟ್ಟಲೆ ಜೊತೆಗೇ ಬರುತ್ತಿತ್ತು. ಆಚೆ ಹುಲ್ಲು, ಈಚೆ ಕಲ್ಲು.

"ಬಾಯಿಗೆ ಬಂದಿದ್ದಲ್ಲ ಮೇಷ್ಟ್ರೇ ಅದು. ಯೋಚ್ನೆ ಮಾಡಿ ಕೇಳಿದ್ದು. ಅದೇ ಕಷ್ಟ ಆಗಿರೋದು," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಆ ಮಗು ಕಂಡಿದ್ರೆ, ಒಂದೋ ಅಪ್ಪನ ಮೇಲೆ ಸಾಕ್ಷಿ ಹೇಳ್ಬೇಕು, ಇಲ್ಲಾ ದೇವರ ಎತ್ತು ಮುಟ್ಟಿ ಸುಳ್ಳು ಹೇಳ್ಬೇಕು. ಯಾವ್ದು ಹೇಳಿದ್ರೂ ಸಾಯೋಗಂಟ ಹೊತ್ಕಂಡು ತಿರುಗ್ತೈತೆ. ಹತ್ತು ವರ್ಷದ್ದು ಅದು," ಎಂದರು.  ನನಗೆ ಭಯವಾಯಿತು. ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿದೆ.

ರೊಪ್ಪವೆಂದರೆ ಮುಳ್ಳುಬೇಲಿಯ ದೊಡ್ಡ ದೊಡ್ಡಿ. ಬೇಲಿಯ ಹೊರಗೆ ಬೇವಿನ ಮರದ ಕೆಳಗೆ ಗಂಡಸರು ಕೂತಿದ್ದರು, ಹೆಂಗಸರು ದೂರದಲ್ಲಿ ನಿಂತಿದ್ದರು. ಚಪ್ಪಲಿ ಬಿಟ್ಟು ಹೋದೆವು. ಎತ್ತುಗಳ ಪಕ್ಕೆಲುಬು ಎಣಿಸಬಹುದಿತ್ತು. ಪಾಲಣ್ಣ ಕೋಲು ಹಿಡಿದು ಬೇಲಿಗೆ ಆತು ನಿಂತಿದ್ದ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವನ ತಾಯಿ ದೊಡ್ಡಕ್ಕ ಮೊಮ್ಮಗಳ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಆಶಾ ಅವರ ಪಕ್ಕದಲ್ಲಿದ್ದಳು.

ಹಟ್ಟಿಯ ಯಜಮಾನ ದೊಡ್ಡಪಾಲಯ್ಯ ನಮ್ಮನ್ನು ನೋಡಿ ಕೈ ಮುಗಿದ. "ಬರ್ರಿ ಟೀಚರಮ್ಮ, ಕುಂದರ್ರಿ. ನಿಮ್ಮ ಪಾಠ ರೊಪ್ಪದಗಂಟ ಬಂದೈತೆ."

ಉಗ್ರಪ್ಪ ಕೂತಿರಲಿಲ್ಲ. ಫೋನಿನ ಸದ್ದು ಪೂರಾ ಏರಿಸಿ ಎಲ್ಲರಿಗೂ ಕೇಳಿಸಿದ. ರೂಪಳ ಸಣ್ಣ ಧ್ವನಿ ಮರದ ಕೆಳಗೆ ಕೇಳಿತು. "ದೇವರ ಎತ್ತು ಬೇರೆಯೋರ ಹೊಲ ಮೇಯ್ದ್ರೆ ಕಳ್ಳತನನಾ ಮಿಸ್? ಎತ್ತಿಗೆ ಗೊತ್ತಿರಲ್ಲ. ಹೊಡ್ಕಂಡು ಹೋದೋರಿಗೆ ಗೊತ್ತಿರ್ತೈತಲ್ಲ. ಎತ್ತಿಗೆ ಹಸಿವಾಗಿದ್ರೆ?" ಆಮೇಲೆ ಆಶಾಳ ಧ್ವನಿ: "ನಿಮಗೆಲ್ಲ ಏನನ್ನಿಸುತ್ತೆ?"

"ಕೇಳಿದ್ರಾ?" ಎಂದ ಉಗ್ರಪ್ಪ. "ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ರಿ. ಈಗ ಅವನ ಮಗಳೇ ಹೇಳ್ಯಾಳೆ."

"ಮಗು ಹೇಳಿಲ್ಲಪ್ಪ, ಕೇಳೈತೆ," ಎಂದರು ಶಾರದಮ್ಮ.

"ಕಾಣ್ದೇ ಇರೋದನ್ನ ಮಕ್ಳು ಕೇಳ್ತಾವಾ ಟೀಚರಮ್ಮ?"

 ಮಕ್ಕಳು ತಾವು ಕಂಡದ್ದರಿಂದಲೇ ಪ್ರಶ್ನೆ ಎತ್ತಬೇಕು ಎಂದು ಇಷ್ಟು ವರ್ಷದಿಂದ ಮೇಷ್ಟ್ರುಗಳಿಗೆ ಹೇಳಿಕೊಡುತ್ತಿದ್ದವರು ಶಾರದಮ್ಮನೇ ಅಲ್ಲವೇ.

ದೊಡ್ಡಪಾಲಯ್ಯ ಕೂಗಾಡುವ ಮನುಷ್ಯನಲ್ಲ. ಅವನು ಮೆತ್ತಗೆ ಮಾತಾಡಿದ್ದರಿಂದಲೇ ನನಗೆ ಹೆಚ್ಚು ಭಯವಾಯಿತು. "ಬಾರವ್ವ ರೂಪ. ಹೆದರ್ಬ್ಯಾಡ. ಎತ್ತಿನ ಬೆನ್ನ ಮ್ಯಾಲೆ ಕೈಯಿಡು. ನಿಮ್ಮಪ್ಪ ಇವನ್ನ ಉಗ್ರಪ್ಪನ ಹೊಲಕ್ಕೆ ಹೊಡ್ದಿದ್ದು ನೀನು ಕಂಡಿದ್ರೆ ಕಂಡೆ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ಅಷ್ಟೇ."

ಅಜ್ಜಿಯ ಕೈ ಬಿಡಿಸಿಕೊಂಡು ರೂಪ ಬಂದಳು. ಒಂದು ಬಿಳಿ ಎತ್ತು ಬೇಲಿಯ ಬಾಯಲ್ಲಿ ನಿಂತಿತ್ತು. ಬಲಗೈಯನ್ನು ಅದರ ಬೆನ್ನ ಮೇಲಿಟ್ಟಳು. ಎಡಗೈಯನ್ನು ಬಿಗಿಯಾಗಿ ಮುಷ್ಟಿ ಹಿಡಿದು ಎದೆಗೆ ಇಟ್ಟುಕೊಂಡಳು. 

"ನೋಡ್ರಿ ನೋಡ್ರಿ, ಹಿರೇರಿಗೆ ಮುಷ್ಟಿ ತೋರಿಸ್ತಾಳೆ," ಎಂದ ಉಗ್ರಪ್ಪ. "ಇದೇ ಏನ್ರಿ ನೀವು ಕಲ್ಸಿದ್ದು?"

ಕೂತವರಲ್ಲಿ ಗುಜುಗುಜು ಎದ್ದಿತು. ಒಬ್ಬಿಬ್ಬರು ಎದ್ದೂ ನಿಂತರು. ಶಾರದಮ್ಮ ಎದ್ದು ಮಗುವಿನ ಪಕ್ಕಕ್ಕೆ ಹೋದರು. "ಬೈದಂಗಲ್ಲ ಯಜಮಾನ್ರೇ ಅದು. ನಮ್ಮ ಪಿರಿಯಡ್ಡಿನ ಕಟ್ಟಳೆ. ಮುಷ್ಟಿ ಹಿಡಿದ್ರೆ ನಾನಿನ್ನೂ ಯೋಚ್ನೆ ಮಾಡ್ತಾ ಇದೀನಿ ಅಂತ. ಅಂಥಾ ಮಗೂನ ಬಲವಂತ ಮಾಡಂಗಿಲ್ಲ."

"ನಿಮ್ಮ ಕಟ್ಟಳೆ ನಿಮ್ಮ ಶಾಲೇಲಿ ಟೀಚರಮ್ಮ. ಇದು ರೊಪ್ಪ," ಎಂದ ದೊಡ್ಡಪಾಲಯ್ಯ. ಮತ್ತೆ ಮಗುವಿನ ಕಡೆ ತಿರುಗಿದ. "ಹೇಳವ್ವ. ಕಂಡೆಯಾ?"

ರೂಪಳ ಗದ್ದ ಅದುರತೊಡಗಿತು. ಮುಷ್ಟಿ ಮಾತ್ರ ಬಿಡಲಿಲ್ಲ. ನಾನು ಶಾರದಮ್ಮನ ಮುಖ ನೋಡಿದೆ. ಅಂಥ ಮುಖವನ್ನು ನಾನು ಮತ್ತೆ ನೋಡುವುದು ಬೇಡ.

"ಯಜಮಾನ್ರೇ," ಎಂದರು ಅವರು. "ಆ ಮಾತು ಮಗೂದಲ್ಲ. ನಾನು ಉರುಹೊಡೆಸಿದ್ದು. ಗಿಣಿ ಒಪ್ಪಿಸ್ದಂಗೆ ಒಪ್ಪಿಸೈತೆ. ಅದಕ್ಕೆ ಏನೂ ಗೊತ್ತಿಲ್ಲ, ಏನೂ ಕಂಡಿಲ್ಲ. ಬೈಯೋದಿದ್ರೆ ನನ್ನ ಬೈರಿ."

 ಯಾವ ತಪ್ಪಿಗೆ ಒಬ್ಬ ಮೇಷ್ಟ್ರನ್ನು ಎಲ್ಲರೆದುರು ಎಬ್ಬಿಸಿ ಕಳಿಸಿದ್ದರೋ ಅದೇ ತಪ್ಪನ್ನು, ಮಾಡದೆಯೇ, ಹಟ್ಟಿಯೆದುರು ತಲೆಯ ಮೇಲೆ ಹಾಕಿಕೊಂಡಿದ್ದರು. ಈ ಮಾತು ತಾಲ್ಲೂಕು ಮುಟ್ಟಲು ಸಂಜೆಯವರೆಗೂ ಬೇಡ. ಮಾತಿನ ಪಿರಿಯಡ್ ಎಂದರೆ ಮೇಷ್ಟ್ರು ಆಡಿಸುವ ಬೊಂಬೆಯಾಟ ಎಂದು ಆಡಿಕೊಳ್ಳುವವರಿಗೆ ಹಬ್ಬ. ಅವರ ಕೆಲಸವೆಲ್ಲ ಒಂದೇ ಮಾತಿಗೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಗೊತ್ತಿದ್ದೇ ಹೇಳಿದರು. ಅವರ ಮೇಲೆ ನನಗೆ ಸಿಟ್ಟೂ ಬಂತು, ಅವರ ಕಾಲು ಮುಟ್ಟಬೇಕು ಎಂದೂ ಅನ್ನಿಸಿತು.

ದೊಡ್ಡಪಾಲಯ್ಯ ಉಸಿರು ಬಿಟ್ಟ. ಅವನಿಗೂ ಅದು ಬೇಕಾಗಿತ್ತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. "ಹಂಗಂದ್ರೆ ಬಿಡು. ಮಗೂನ ಮಾತಲ್ಲ ಅಂದ್ಮ್ಯಾಲೆ..."

"ಇಲ್ಲ ತಾತ," ಎಂದಳು ರೂಪ.

ಎಲ್ಲರೂ ತಿರುಗಿ ನೋಡಿದರು. ದೊಡ್ಡಕ್ಕ ದೂರದಿಂದಲೇ ಮನೆಮಾತಿನ ತೆಲುಗಿನಲ್ಲಿ "ಊರ್ಕೋ, ಊರ್ಕೋ" ಎಂದು ಬಾಯಿ ಮುಚ್ಚಿಸಲು ನೋಡಿದಳು.

"ದೊಡ್ಡ ಮಿಸ್ ಹೇಳ್ಕೊಟ್ಟಿಲ್ಲ. ನಾನೇ ಕೇಳಿದ್ದು. ನಂದೇ ಅದು." ಅಳುತ್ತಲೇ ಹೇಳಿದಳು. ಬಲಗೈ ಇನ್ನೂ ಎತ್ತಿನ ಬೆನ್ನ ಮೇಲೆಯೇ ಇತ್ತು. ದೇವರ ಎತ್ತು ಮುಟ್ಟಿಕೊಂಡು ಇನ್ನೊಬ್ಬರ ಸುಳ್ಳನ್ನೂ ಅವಳಿಂದ ಸಹಿಸಲಾಗಲಿಲ್ಲ.

ಶಾರದಮ್ಮ ಕಣ್ಣು ಮುಚ್ಚಿಕೊಂಡರು. ಇನ್ನು ಹಿಂದಕ್ಕೆ ದಾರಿ ಇರಲಿಲ್ಲ. ದೊಡ್ಡಪಾಲಯ್ಯನಿಗೂ ಇರಲಿಲ್ಲ, ಎಲ್ಲರೆದುರು ಎದ್ದ ಮಾತು. ಅವನು ಮೂರನೇ ಸಲ ಕೇಳಲು ಬಾಯಿ ತೆರೆದ.

"ಆಕೀನ ಬಿಡ್ರಿ," ಎಂದ ಪಾಲಣ್ಣ.

ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು. ಬಂದು ಮಗಳ ಕೈಯನ್ನು ಎತ್ತಿನ ಬೆನ್ನಿನಿಂದ ತೆಗೆದು ತನ್ನ ಕೈ ಇಟ್ಟ. "ನಾನೇ ಹೊಡ್ಕಂಡು ಹೋಗಿದ್ದು. ಒಂದು ಸಲ ಅಲ್ಲ, ಮೂರು ಸಲ. ಮಗಳು ಕಂಡಿದ್ಲು."

ಉಗ್ರಪ್ಪ "ನೋಡ್ರಪ್ಪ" ಎಂದ. ಯಾರೂ ಅವನ ಕಡೆ ನೋಡಲಿಲ್ಲ.

"ಕಾವಲಿಗೆ ಗೋಡೆ ಬಂದ್ಮ್ಯಾಲೆ ಎಲ್ಲಿ ಮೇಯಿಸ್ಲಿ?" ಪಾಲಣ್ಣನ ಧ್ವನಿ ಏರಲಿಲ್ಲ. "ಮನೆಮನೆಗೆ ಹೋಗಿ ಮೇವು ಕೇಳಿದೆ. ಒಂದೊಂದು ಹಿಡಿ ಕೊಟ್ರಿ. ತಾವಾಗೇ ಹೋದ್ರೆ ದೇವ್ರು ಅಂತೀರಿ. ತಾವಾಗೇ ಹೋಗಾಕೆ ಕಾಲಾಗೆ ಕಸುವು ಇರ್ಲಿಲ್ಲ ಯಜಮಾನ್ರೇ. ಅದಕ್ಕೇ ಹೊಡ್ದೆ." ಕೋಲನ್ನು ದೊಡ್ಡಪಾಲಯ್ಯನ ಮುಂದೆ ನೆಲದ ಮೇಲೆ ಇಟ್ಟು ಹಿಂದೆ ಸರಿದು ನಿಂತ.

 ಹೆಂಗಸರ ಗುಂಪಿನಲ್ಲಿ ಯಾರೋ ಮೂಗು ಸೀಟಿದರು. ಆಮೇಲೆ ದೊಡ್ಡಪಾಲಯ್ಯ ಕೋಲನ್ನು ಮುಟ್ಟದೆಯೇ ಉಗ್ರಪ್ಪನ ಕಡೆ ನೋಡಿದ.

"ನೀನು ಹೇಳಪ್ಪ. ಹೊಲ ನಿಂದು, ಬೆಳೆ ನಿಂದು. ಕಳ್ಳತನ ಅಂತ ನಿನ್ನ ಬಾಯಾಗೆ ಬಂದ್ರೆ ಈ ಕೋಲು ನಾನು ಎತ್ಕೊಂತೀನಿ. ಆದ್ರೆ ದೇವರ ಎತ್ತು ಕದ್ದ ಮೇವು ತಿಂದು ಬದುಕ್ಯಾವೆ ಅಂತಾನೂ ಆತು. ಅದನ್ನೂ ನೀನೇ ಹೇಳ್ಬೇಕು. ಹೇಳು."

ಉಗ್ರಪ್ಪ ಬಾಯಿ ತೆರೆದ. ಬೆಳಗಿನಿಂದ ಆಡಿದ್ದು ಅದೇ ಮಾತು, ನಾಲಿಗೆಯ ತುದಿಯಲ್ಲೇ ಇತ್ತು. ಅವನ ಮನೆಯ ಹರಕೆಯ ಎತ್ತೂ ಆ ರೊಪ್ಪದಲ್ಲೇ ಇತ್ತು. ಎತ್ತುಗಳನ್ನು ನೋಡಿದ, ಕೋಲನ್ನು ನೋಡಿದ, ಆ ಅಳುವ ಮಗುವನ್ನೂ ನೋಡಿದ. ಫೋನನ್ನು ಜೇಬಿಗೆ ಹಾಕಿಕೊಂಡ.

"ನಾಳೆ ಹೇಳ್ತೀನಿ," ಎಂದ.

"ಆತು. ನೀನು ಹೇಳೋಗಂಟ ಪಾಲಣ್ಣನೇ ಕಾಯ್ಲಿ. ತಗಳಲೇ ಕೋಲು," ಎಂದ ದೊಡ್ಡಪಾಲಯ್ಯ, ಮತ್ತು ಟವೆಲ್ ಕೊಡವಿ ಎದ್ದ. ಆ ನಾಳೆ ಇನ್ನೂ ಬಂದಿಲ್ಲ. ಬರುವ ಲಕ್ಷಣವೂ ಇಲ್ಲ. ಮಾರನೆಯ ವಾರ ಉಗ್ರಪ್ಪನ ಮನೆಯಿಂದಲೇ ಒಂದು ಗಾಡಿ ಶೇಂಗಾ ಹೊಟ್ಟು ರೊಪ್ಪಕ್ಕೆ ಹೋಯಿತಂತೆ. ಅದನ್ನು ಅವನ ಮುಂದೆ ಹೇಳಿದರೆ ಈಗಲೂ ರೇಗುತ್ತಾನೆ.

ಎದ್ದು ಹೋಗುವ ಮುನ್ನ ಯಜಮಾನ ಶಾರದಮ್ಮನ ಮುಂದೆ ನಿಂತ. "ರೊಪ್ಪದ ಮುಂದೆ ಸುಳ್ಳಾಡಿದ್ರಿ ಟೀಚರಮ್ಮ."

"ಹೌದು ಯಜಮಾನ್ರೇ."

 ಯಜಮಾನ ತಲೆಯಾಡಿಸಿ ಹೋದ.

ಜನ ಚದುರಿದ ಮೇಲೆ ಶಾರದಮ್ಮ ಬೇಲಿಯ ಪಕ್ಕ ನೆಲದ ಮೇಲೆಯೇ ಕುಸಿದು ಕೂತರು.  ಆಶಾ ನೀರು ತಂದು ಕೊಟ್ಟಳು, ಏನೋ ಹೇಳಲು ಹೋದಳು. ಅವರು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು, ಬೈಯಲಿಲ್ಲ. ರೂಪ ಅಪ್ಪನ ಹತ್ತಿರದಿಂದ ಬಂದು ಎದುರಿಗೆ ನಿಂತಳು. ಅವಳ ಕಣ್ಣು ಇನ್ನೂ ಕೆಂಪಗಿತ್ತು.

ಶಾರದಮ್ಮ ತಮ್ಮ ಚೀಲಕ್ಕೆ ಕೈ ಹಾಕಿದರು. ಎಲ್ಲಿಗೆ ಹೋದರೂ ಅದರಲ್ಲಿ ತರಬೇತಿಯ ಶೇಂಗಾ ಇರುತ್ತಿತ್ತು. ಇದ್ದದ್ದನ್ನೆಲ್ಲ ಬಾಚಿ ಮಗುವಿನ ಲಂಗಕ್ಕೆ ಸುರಿದರು.

"ತಗಳವ್ವ. ನಿನ್ನ ಪ್ರಶ್ನೆ ಕಿತ್ಕಂಡು ನಾನು ಉತ್ತರ ಹೇಳ್ಬಿಟ್ಟೆ. ಅದೂ ಸುಳ್ಳು ಉತ್ತರ."

ರೂಪ ಲಂಗದಲ್ಲಿದ್ದ ರಾಶಿಯನ್ನು ನೋಡಿದಳು. ಒಂದನ್ನು ಆರಿಸಿ ತೆಗೆದುಕೊಂಡಳು. ಉಳಿದದ್ದನ್ನೆಲ್ಲ ಜೋಪಾನವಾಗಿ ಶಾರದಮ್ಮನ ಚೀಲಕ್ಕೆ ವಾಪಸ್ಸು ಸುರಿದಳು.

"ಒಂದೇ ಮಿಸ್," ಎಂದಳು. "ನೀವು ಒಂದೇ ಸಲ ಹೇಳಿದ್ದು."

ಅಲ್ಲೇ ನಿಂತು ಸಿಪ್ಪೆ ಒಡೆದು ತಿಂದಳು. ಶಾರದಮ್ಮ ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು ಬಂದು ನನ್ನ ಬೈಕಿನ ಹಿಂದೆ ಕೂತರು.